ಏಕಾಂತಯ್ಯನವರ ಬೈಕಿಗೆ ಇಂಡಿಕೇಟರು

ರಸ್ತೆಯ ಮೇಲೆ ಓಡಾಡುವ ಯಾರ ಬಗ್ಗೆಯೂ ಏಕಾಂತಯ್ಯನವರಿಗೆ ಗೌರವವಿರಲಿಲ್ಲ. ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿಗೆ ಸರ್ಕಾರಿ ಬಸ್ಸು ಓಡಿಸುತ್ತಲೇ ತಲೆ ನರೆತಿದ್ದ ಅವರು ನಿವೃತ್ತರಾದ ಮೇಲೆ ಹಳೇಬೀಡಿನ ಅಂಚಿನಲ್ಲಿ, ಬಸ್ತಿಹಳ್ಳಿಯ ಕಡೆಗೆ, ಮನೆ ಕಟ್ಟಿಸಿಕೊಂಡಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತರೆಂದರೆ ಎದುರಿಗೆ ಹಾದುಹೋಗುವವರಿಗೆಲ್ಲ ತೀರ್ಪು ಸಿದ್ಧ. ಟ್ರ್ಯಾಕ್ಟರಿನವನು ಎಮ್ಮೆ ಕಾಯಬೇಕಾಗಿದ್ದವನು, ತಪ್ಪಿ ಸ್ಟೇರಿಂಗು ಹಿಡಿದಿದ್ದಾನೆ. ದೇವಸ್ಥಾನ ನೋಡಲು ಬರುವ ಕಾರಿನವರಿಗೆ ರಸ್ತೆ ಕಾಣುವುದಿಲ್ಲ, ಮೊಬೈಲು ಮಾತ್ರ ಕಾಣುತ್ತದೆ. ಸ್ಕೂಟಿಯಲ್ಲಿ ಶಾಲೆಗೆ ಹೋಗುವ ಟೀಚರಮ್ಮನಿಗೆ ಬ್ರೇಕು ಇರುವುದು ಚಪ್ಪಲಿಯಲ್ಲಿ.

ಅವರ ಬೈಕೂ ಅವರಷ್ಟೇ ಹಳೆಯದು. ಅದರ ಇಂಡಿಕೇಟರುಗಳು ಯಾವಾಗಲೋ ಮುರಿದು ಬಿದ್ದು, ಇದ್ದ ಜಾಗದಲ್ಲಿ ಬರೀ ತೂತು ಉಳಿದಿತ್ತು. ಹಾಕಿಸಿ ಎಂದು ಹೆಂಡತಿ ಅನುಸೂಯಮ್ಮ ಎಷ್ಟೋ ಸಲ ಹೇಳಿದ್ದರು. ಕೈ ತೋರಿಸಿ ತಿರುಗುವುದು ಗಾಡಿ ಬಲ್ಲವರ ಲಕ್ಷಣ, ದೀಪ ಮಿಣುಕಿಸುವುದು ಬಾರದವರ ಲಕ್ಷಣ ಎಂಬುದು ಏಕಾಂತಯ್ಯನವರ ಉತ್ತರ. ತಾನು ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದವನು ಎಂದು ಆ ಮಾತಿಗೆ ಒಂದು ಬಾಲವನ್ನೂ ಸೇರಿಸುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಬಸ್ಸು ದೊಡ್ಡದು, ಎದುರಿಗೆ ಬಂದವರು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅಳಿಯ ಚೇತನ್‌ಕುಮಾರ್ ಅರಸೀಕೆರೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಮಂಡಿಯಲ್ಲಿ ಕೆಲಸಕ್ಕಿದ್ದ. ಅವನು ತನ್ನ ಬೈಕಿಗೆ ಎಲ್‌ಇಡಿ ಪಟ್ಟಿ ಅಂಟಿಸಿಕೊಂಡು ಬಂದ ದಿನ ಏಕಾಂತಯ್ಯನವರಿಗೆ ಹಬ್ಬ. ಟ್ಯಾಂಕಿನ ಎರಡೂ ಬದಿಗೆ ಬಿಳಿ ಗೆರೆ, ಸೀಟಿನ ಕೆಳಗೆ ನೀಲಿ, ಹಿಂದೆ ತಿರುಗುವಾಗ ಒಂದರ ಹಿಂದೊಂದು ಹತ್ತಿಕೊಂಡು ಹೋಗುವ ಹಳದಿ. ಅಳಿಯನನ್ನು ಎದುರಿಗೆ ಬಹುವಚನದಲ್ಲೇ ಮಾತನಾಡಿಸಬೇಕಲ್ಲ, ಹಾಗಾಗಿ ಮರ್ಯಾದೆಯಿಂದಲೇ ಕೇಳಿದರು:

"ಏನ್ ಅಳಿಯಂದ್ರೇ, ಆರ್ಕೆಸ್ಟ್ರಾದವ್ರು ಹಿಂದೆ ಬತ್ತಾವ್ರಾ?"

ಚೇತನ್‌ಕುಮಾರ್ ಅದನ್ನು ಹೊಗಳಿಕೆ ಎಂದೇ ತಿಳಿದು ನಕ್ಕ. ಸ್ವಿಚ್ಚು ಒತ್ತಿ ಎಲ್ಲವನ್ನೂ ಹತ್ತಿಸಿ ತೋರಿಸಿದ. ಮಾವನ ಗಾಡಿಗೂ ಹಾಕಿಕೊಡುತ್ತೇನೆ, ಹಗಲು ಹೊತ್ತಿನಲ್ಲೂ ಎದುರಿನವರಿಗೆ ಕಾಣುತ್ತದೆ ಎಂದ. ತನ್ನ ಗಾಡಿ ಇನ್ನೂ ಮದುವೆ ಛತ್ರವಾಗಿಲ್ಲ ಎಂದು ಏಕಾಂತಯ್ಯ ಒಳಗೆ ಹೋದರು. ಅವನು ಹೋದ ಮೇಲೆ, ಮಗಳನ್ನು ಇಂಥ ಪೆದ್ದನಿಗೆ ಕೊಟ್ಟೆನಲ್ಲ ಎಂದು ರಾತ್ರಿ ಊಟದವರೆಗೂ ಗೊಣಗಿದರು. ಅನುಸೂಯಮ್ಮ ಕೇಳಿಸಿಕೊಂಡರು. ಅವರು ಕೇಳಿಸಿಕೊಳ್ಳುತ್ತಲೇ ಬಂದವರು.

ಆಮೇಲೊಂದು ಶನಿವಾರ ಗಂಡ ಹೆಂಡತಿ ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿಗೆ ಹೋದರು. ಬೆಟ್ಟ ಹತ್ತಿ ದರ್ಶನ ಮಾಡಿ, ಅರಸೀಕೆರೆಯಲ್ಲಿ ಮಗಳು ನಯನಾಳ ಮನೆಯಲ್ಲಿ ಊಟ ಮುಗಿಸಿ, ಹಳೇಬೀಡು ತಲುಪುವಾಗ ಹೊತ್ತು ಮುಳುಗುತ್ತಿತ್ತು. ದಾರಿಯುದ್ದಕ್ಕೂ ಏಕಾಂತಯ್ಯನವರ ಬಾಯಿ ನಿಂತಿರಲಿಲ್ಲ. ಓವರ್‌ಟೇಕ್ ಮಾಡಿದವರು ಸಾಯಲು ಹೊರಟವರು, ಮಾಡದವರು ನಿದ್ದೆ ಹೋದವರು. ಮನೆಯ ಓಣಿ ಬಲಕ್ಕೆ. ಅದಕ್ಕೆ ಸ್ವಲ್ಪ ಮುಂಚೆ ಎಡಗಡೆ ಒಂದು ಟೀ ಅಂಗಡಿ, ಅದರ ಮುಂದೆ ಯಾರದೋ ಬೈಕು ನಿಂತಿತ್ತು. ಅದರ ಮೈಗೆಲ್ಲ ಪಟ್ಟಿದೀಪ, ಬಣ್ಣ ಬದಲಾಗುವಂಥದ್ದು. ಏಕಾಂತಯ್ಯ ಎಡಗೈಯನ್ನು ಉದ್ದಕ್ಕೆ ಚಾಚಿ ಅದನ್ನು ಹೆಂಡತಿಗೆ ತೋರಿಸಿದರು.

"ನೋಡೇ ಅಲ್ಲಿ, ನಿನ್ನ ಅಳಿಯನ ಅಣ್ಣ ಒಬ್ಬ ಅವ್ನೆ. ಹಸಿರಾಯ್ತು, ಈಗ ಕೆಂಪಾಗ್ತದೆ ನೋಡು."

ಕೆಂಪಾಯಿತೋ ಇಲ್ಲವೋ ಅನುಸೂಯಮ್ಮ ನೋಡಲಿಲ್ಲ. ಚಾಚಿದ ಕೈಯನ್ನು ಇನ್ನೂ ಒಳಗೆ ತೆಗೆದುಕೊಳ್ಳದೆಯೇ ಏಕಾಂತಯ್ಯ ಬೈಕನ್ನು ಬಲಕ್ಕೆ, ಓಣಿಯ ಕಡೆಗೆ ಎಳೆದಿದ್ದರು. ಹಿಂದೆ ಎಳನೀರು ಖಾಲಿ ಮಾಡಿ ಬರುತ್ತಿದ್ದ ಒಂದು ಟೆಂಪೊ ಇತ್ತು. ಮುಂದಿನವರು ಎಡಕ್ಕೆ ಕೈ ತೋರಿಸಿದ್ದರಿಂದ ಅದರ ಡ್ರೈವರು ಬಲಗಡೆಯಿಂದ ಮುಂದಕ್ಕೆ ಬಂದಿದ್ದ. ಬ್ರೇಕು ಒತ್ತಿದರೂ ಟೆಂಪೊದ ಮೂಲೆ ಬೈಕಿನ ಹಿಂಬದಿಗೆ ತಗುಲಿತು. ಏಕಾಂತಯ್ಯ ಮಣ್ಣಿನ ಮೇಲೆ ಉರುಳಿ ಮೊಣಕಾಲು ತರಚಿಕೊಂಡರು. ಅನುಸೂಯಮ್ಮ ಟಾರಿನ ಮೇಲೆ ಕೈಯೂರಿ ಬಿದ್ದರು.

ಎದ್ದ ಏಕಾಂತಯ್ಯ ಹೆಂಡತಿಯ ಹತ್ತಿರ ಹೋಗಲಿಲ್ಲ. ಟೆಂಪೊದಿಂದ ಇಳಿದು ಓಡಿಬಂದವನ ಕೆನ್ನೆಗೆ ಬಾರಿಸಿದರು. ಸಂತೋಷ್ ಎಂಬ ಆ ಡ್ರೈವರು ಹುಲಿಕೆರೆಯವನು, ಇನ್ನೊಬ್ಬರ ಟೆಂಪೊ ಓಡಿಸುತ್ತಿದ್ದವನು. ಅವನು ಕೆನ್ನೆ ಮುಟ್ಟಿಕೊಳ್ಳದೆ ಹೇಳಿದ, "ಎಡಕ್ಕೆ ಕೈ ತೋರ್ಸಿದ್ರಿ ಯಜಮಾನ್ರೇ. ಅದ್ಕೇ ಬಲಕ್ಕೆ ಬಂದೆ."

ಸೇರಿದ ಜನ ನಕ್ಕರು. ಡ್ರೈವರ್ ಏಕಾಂತಯ್ಯನವರಿಗೆ ಎಡ ಯಾವುದು ಬಲ ಯಾವುದು ಎಂದು ಗೊತ್ತಿಲ್ಲವೇ? ಅವರ ಬಸ್ಸಿನಲ್ಲಿ ಕೂತು ಸ್ಕೂಲಿಗೆ ಹೋದವರೇ ಅಲ್ಲಿ ಅರ್ಧ ಜನ. ಏಕಾಂತಯ್ಯ ತಾನು ಬಲಗೈ ಚೆನ್ನಾಗಿ ಚಾಚಿ ತೋರಿಸಿದ್ದೆ ಎಂದರು, ಹೇಳುವಾಗ ಮತ್ತೊಮ್ಮೆ ಚಾಚಿಯೂ ತೋರಿಸಿದರು. ನಂತರ ಹೆಂಡತಿಯ ಕಡೆ ತಿರುಗಿ, ನೀನೇ ಹೇಳು ಎಂದರು. ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದ ಅನುಸೂಯಮ್ಮ ಅಷ್ಟು ಜನರ ಮುಂದೆ ಗಂಡನ ಮುಖ ನೋಡಿ, ಹೌದು ಎಂದು ತಲೆಯಾಡಿಸಿದರು.

ಅವರನ್ನು ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ಸಂತೋಷನೇ. ಅದೇ ಟೆಂಪೊದಲ್ಲಿ, ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿಕೊಂಡು ಹೋದ. ಪಕ್ಕದಲ್ಲಿ ಕೂತ ಏಕಾಂತಯ್ಯ ಅವನು ಗೇರು ಬದಲಾಯಿಸುವ ರೀತಿಗೆ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಳ್ಳುವ ರೀತಿಗೆ ಬೇಲೂರು ಬರುವ ತನಕ ತಪ್ಪು ಹುಡುಕಿದರು. ಅನುಸೂಯಮ್ಮನ ಕೈಗೆ ಬ್ಯಾಂಡೇಜು ಹಾಕಿ ಮುಗಿಸುವವರೆಗೂ ಅವನು ಅವರ ಚಪ್ಪಲಿ, ಪ್ರಸಾದದ ಚೀಲ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಹೊರಗೆ ಬಂದಾಗ ತುಂಬ ನೋವಿದೆಯಾ ಅಮ್ಮ ಎಂದು ಕೇಳಿದ. ಅನುಸೂಯಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ.

ಮನೆಗೆ ಬಂದ ಮೇಲೆ ಗಂಡ ತಾವಾಗಿಯೇ ನಿಜ ಹೇಳುತ್ತಾರೆ ಎಂದು ಅವರು ಕಾದರು. ಜನರ ಮುಂದೆ ಬೇಡ, ತನ್ನೊಬ್ಬಳ ಹತ್ತಿರವಾದರೂ ಒಂದು ಮಾತು. ಅದು ಬರಲಿಲ್ಲ. ಬದಲಿಗೆ, ನೋಡಲು ಬಂದ ನೆಂಟರಿಷ್ಟರಿಗೆ ಏಕಾಂತಯ್ಯ ಕಥೆ ಹೇಳತೊಡಗಿದರು, ಕಥೆ ಪ್ರತಿ ಸಲವೂ ಬೆಳೆಯಿತು. ಮೊದಲು ಟೆಂಪೊ ಜೋರಾಗಿ ಬಂತು. ಆಮೇಲೆ ಅದಕ್ಕೆ ಹೆಡ್‌ಲೈಟೇ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ನಯನಾ, ಚೇತನ್‌ಕುಮಾರ್ ಮತ್ತು ಪಕ್ಕದ ಮನೆಯ ಜವರಯ್ಯ ಕೂತಿದ್ದಾಗ, ಟೆಂಪೊದವನ ಬಾಯಲ್ಲಿ ವಾಸನೆ ಬರುತ್ತಿತ್ತು, ಕುಡಿದಿದ್ದ ಎಂದರು. ನಾಳೆ ಠಾಣೆಗೆ ಹೋಗಿ ದೂರು ಕೊಟ್ಟು, ಅವನ ಟೆಂಪೊ ಕೆಲಸ ಬಿಡಿಸದೆ ಇರುವುದಿಲ್ಲ ಎಂದೂ ಸೇರಿಸಿದರು. ಇಂಥವರು ರಸ್ತೆಗಿಳಿಯಲು ಯೋಗ್ಯರಲ್ಲ.

ಒಳಬಾಗಿಲಲ್ಲಿ ಕೂತಿದ್ದ ಅನುಸೂಯಮ್ಮ ಸೆರಗು ಸರಿಮಾಡಿಕೊಂಡರು. ದನಿ ಏರಿಸದೆ ಹೇಳಿದರು:

"ನಿಮ್ಮ ಬಲಗೈ ಹ್ಯಾಂಡ್ಲ್ ಮೇಲೇ ಇತ್ತು. ಎಡಗೈಲಿ ಆ ಟೀ ಅಂಗ್ಡಿ ಮುಂದಿನ ಗಾಡಿ ತೋರಿಸ್ತಿದ್ರಿ. ಆ ಹುಡುಗ ಹೇಳಿದ್ದೇ ನಿಜ."

ಏಕಾಂತಯ್ಯ ಅಳಿಯನ ಕಡೆ ನೋಡಿ ನಗಲು ನೋಡಿದರು. "ನೋವಲ್ಲಿ ಇವಳಿಗೆ ಏನು ಕಂಡಿತ್ತು ಬಿಡಿ."

"ಪೆಟ್ಟು ಬಿದ್ದಿದ್ದು ಕೈಗೆ, ಕಣ್ಣಿಗಲ್ಲ. ಜನದ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ತಲೆ ಆಡಿಸ್ದೆ. ಮನೇಗೆ ಬಂದು ಒಂದು ಮಾತು ಹೇಳ್ತೀರಿ ಅಂದ್ಕೊಂಡೆ. ನೀವು ಅವನನ್ನ ಕುಡುಕನ್ನ ಮಾಡಿದ್ರಿ. ನನ್ನ ಚಪ್ಪಲಿ ಹಿಡ್ಕೊಂಡು ನಿಂತಿದ್ದವನನ್ನ. ದಿನಾ ಜಗಲಿ ಮೇಲೆ ಕೂತ್ಕೊಂಡು ಊರವರನ್ನೆಲ್ಲ ಹೀಗಳೀತೀರಲ್ಲ, ನಿಮಗಿಂತ ಕಡೆಯಾದವ್ರು ಯಾರೂ ಈ ರಸ್ತೇಲಿ ಹೋಗಲ್ಲ. ನಿಮ್ಮನ್ನ ನೋಡಿದ್ರೆ ಹೇಸಿಗೆ ಆಗ್ತೈತೆ ನನಗೆ."

ಜವರಯ್ಯ ಎದ್ದು, ದನ ಬಿಚ್ಚಬೇಕು ಎಂದು ಹೊರಟರು. ನಯನಾ ಅಮ್ಮನ ಪಕ್ಕಕ್ಕೆ ಹೋಗಿ ಕೂತಳು. ಏಕಾಂತಯ್ಯ ಕೋಪ ಮಾಡಿಕೊಳ್ಳಲು ನೋಡಿದರು. ಆದರೆ ಕೋಪಕ್ಕೆ ಹೆದರುವವರು ಯಾರೂ ಅಲ್ಲಿ ಉಳಿದಿರಲಿಲ್ಲ. ಅನುಸೂಯಮ್ಮ ಅಳಿಯನನ್ನು ಕರೆದು, ಬೈಕಿಗೆ ನಾಲ್ಕೂ ಕಡೆ ಇಂಡಿಕೇಟರು ಹಾಕಿಕೊಡಬೇಕು, ಮುಂದೆ ಬಿಳಿ ಪಟ್ಟಿಯನ್ನೂ ಹಾಕಬೇಕು ಎಂದರು. ತಾವು ಮತ್ತೆ ಅದರ ಮೇಲೆ ಕೂತರೆ ಅದು ಆದ ಮೇಲೇ.

ಚೇತನ್‌ಕುಮಾರ್ ಮುಂದಿನ ಭಾನುವಾರ ಸಾಮಾನೆಲ್ಲ ತಂದು ಅಂಗಳದಲ್ಲಿ ಹರಡಿದ. ಅವನೇನು ಅಂಥ ಕೈಗಾರನಲ್ಲ. ಯಾವುದೋ ವಿಡಿಯೊ ನೋಡಿ ಕಲಿತವನು, ಈಗಲೂ ಅದನ್ನು ನೋಡಿಕೊಂಡೇ ಮಾಡುತ್ತಿದ್ದ. ಬಣ್ಣ ಬದಲಾಗುವ ಪಟ್ಟಿಯನ್ನೂ ತಂದಿದ್ದ. ಅನುಸೂಯಮ್ಮ ಅದನ್ನು ವಾಪಸು ಚೀಲಕ್ಕೆ ಹಾಕಿಸಿದರು. ಮುಂದೆ ಬಿಳಿ, ಹಿಂದೆ ಕೆಂಪು, ತಿರುಗುವಾಗ ಹಳದಿ. ಸಾಕು. ಅವನು ಟ್ಯಾಂಕಿನ ಕೆಳಗಿನ ಎಣ್ಣೆಜಿಡ್ಡನ್ನು ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿದ, ಪಟ್ಟಿಯ ಹಿಂದಿನ ಕಾಗದ ಸುಲಿದು ಒತ್ತಿ ಅಂಟಿಸಿದ, ಸೀಟು ಬಿಚ್ಚಿ ವೈರುಗಳನ್ನು ಬಿಸಿಯಾಗದ ಕಡೆಯಿಂದ ಎಳೆದು ತಂದ. ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ ಎಂದು, ಕೀಲಿ ತಿರುಗಿಸಿದರೆ ಮಾತ್ರ ದೀಪ ಹತ್ತುವಂತೆ ವೈರು ಜೋಡಿಸಿ, ನಡುವೆ ಒಂದು ಫ್ಯೂಸನ್ನೂ ಕೂರಿಸಿದ.

ಏಕಾಂತಯ್ಯ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದರು. ಆದರೂ ಒಂದನ್ನೂ ಬಿಡದೆ ನೋಡುತ್ತಿದ್ದರು. ಮೊದಲ ಸಲ ಸ್ವಿಚ್ಚನ್ನು ಎಡಕ್ಕೆ ತಳ್ಳಿದಾಗ ಬಲಗಡೆಯ ದೀಪ ಮಿನುಗಿತು. ಏಕಾಂತಯ್ಯನವರಿಗೆ ಜೀವ ಬಂದಂತಾಯಿತು. ಇದೇನಾ ನಿಮ್ಮ ಹೊಸ ವಿದ್ಯೆ ಎಂದು ಬಾಯಿ ತೆರೆದರು. ಅನುಸೂಯಮ್ಮ ಅವರನ್ನು ಸುಮ್ಮನೆ ನೋಡಿದರು, ಅಷ್ಟೇ. ಎಡ ಬಲದ ಮಾತನ್ನು ಆ ಮನೆಯಲ್ಲಿ ಎತ್ತುವ ಹಾಗಿಲ್ಲ ಎಂದು ಏಕಾಂತಯ್ಯನವರಿಗೆ ಆಗ ಅರ್ಥವಾಯಿತು. ಚೇತನ್‌ಕುಮಾರ್ ವೈರು ಅದಲುಬದಲು ಮಾಡಿದ. ಆಮೇಲೆ ದೀಪ ಹುಚ್ಚು ಹಿಡಿದಂತೆ ಪಟಪಟ ಮಿನುಗಿತು. ಎಲ್‌ಇಡಿ ಕರೆಂಟು ಕಡಿಮೆ ಎಳೆಯುವುದರಿಂದ ದೀಪ ಮಿನುಗಿಸುವ ಹಳೆಯ ಫ್ಲ್ಯಾಷರು ಹಾಗೆ ಮಾಡುತ್ತದೆಂದು ಅದನ್ನು ಕಿತ್ತು ಹೊಸದು ಹಾಕಿದ. ಸಂಜೆಗೆ ಎಲ್ಲವೂ ಸರಿಯಾಗಿ, ಒಂದು ಲಯದಲ್ಲಿ ಹತ್ತಿ ಆರತೊಡಗಿತು. ಅಳಿಯ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಮಾವನನ್ನೂ ಪಕ್ಕದಲ್ಲಿ ನಿಲ್ಲಲು ಕರೆದ. ಏಕಾಂತಯ್ಯ ಹೋಗಲಿಲ್ಲ.

ದೂರಿನ ಮಾತು ಅಲ್ಲಿಗೇ ನಿಂತುಹೋಯಿತು. ಕೈಯ ಬ್ಯಾಂಡೇಜು ಬಿಚ್ಚಿದ ಮೇಲೆ ಅನುಸೂಯಮ್ಮ ಹುಲಿಕೆರೆಗೆ ಹೋಗಬೇಕು ಎಂದರು. ಯಾಕೆ ಎಂದು ಏಕಾಂತಯ್ಯ ಕೇಳಲಿಲ್ಲ. ಹೆಂಡತಿ ಹಿಂದೆ ಕೂತಳೆಂಬುದೇ ಅವರಿಗೆ ಸಾಕಾಗಿತ್ತು. ದಾರಿಯಲ್ಲಿ ಪ್ರತಿ ತಿರುವಿಗೂ ಅನುಸೂಯಮ್ಮ ಬಗ್ಗಿ, ದೀಪ ಹತ್ತಿದೆಯೋ ಇಲ್ಲವೋ ಎಂದು ನೋಡಿದರು.

ಸಂತೋಷ್ ಮನೆಯ ಮುಂದೆ ರಾಗಿ ಹುಲ್ಲು ಒಟ್ಟುತ್ತಿದ್ದ. ಅವನ ತಾಯಿ ಮರಿಯಮ್ಮ ಇಬ್ಬರಿಗೂ ಚಾಪೆ ಹಾಕಿ, ಕಾಫಿ ತಂದುಕೊಟ್ಟರು. ಏಕಾಂತಯ್ಯ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಅವತ್ತು ನಾನು ಎಡಕ್ಕೇ ಕೈ ತೋರ್ಸಿದ್ದು ಕಣಪ್ಪ. ನಿನ್ನ ಮೇಲೆ ಕೈ ಮಾಡಿದ್ದು ತಪ್ಪಾಯ್ತು."

ಅದನ್ನು ಹೇಳಲು ಅವರಿಗೆ ಬಹಳ ಕಷ್ಟವಾಗಿತ್ತು. ಅದಕ್ಕೆ ತಕ್ಕ ಬೆಲೆ ಸಿಗುತ್ತದೆ ಎಂದು ಅವರು ಕಾದರು. ದೊಡ್ಡವರು ಹಾಗೆಲ್ಲ ಅನ್ನಬಾರದು ಎಂದು ಅವನು ಹೇಳಬಹುದು, ಕಾಲಿಗೂ ಬೀಳಬಹುದು. ಸಂತೋಷ್ ಕೈಯಲ್ಲಿದ್ದ ಹುಲ್ಲನ್ನು ಮೇಲಕ್ಕೆಸೆದು, "ನಂಗೆ ಅವತ್ತೇ ಗೊತ್ತಿತ್ತು," ಎಂದ. ಆಮೇಲೆ ಅನುಸೂಯಮ್ಮನ ಪಕ್ಕ ಬಂದು ಕೂತು, ಕೈ ಹೇಗಿದೆ, ಮುದ್ದೆ ಕಟ್ಟಲು ಆಗುತ್ತದೆಯಾ ಎಂದು ವಿಚಾರಿಸಿದ. ಎಣ್ಣೆ ಹಚ್ಚಿ ನೀವಿಕೊಳ್ಳುವುದು ಹೇಗೆಂದು ಮರಿಯಮ್ಮ ತೋರಿಸಿಕೊಟ್ಟರು. ಮೂವರೂ ಬಹಳ ಹೊತ್ತು ಮಾತನಾಡಿದರು. ಅಷ್ಟು ಹೊತ್ತೂ ಸಂತೋಷ್ ಏಕಾಂತಯ್ಯನವರ ಕಡೆ ಒಂದು ಸಲವೂ ತಿರುಗಲಿಲ್ಲ. ಅವರು ಆರಿದ ಕಾಫಿಯನ್ನು ಕುಡಿದು ಮುಗಿಸಿದರು.

ಹೊರಟಾಗ ಮರಿಯಮ್ಮ ಒಂದು ಸೋರೆಕಾಯಿ ತಂದು ಅನುಸೂಯಮ್ಮನ ಚೀಲಕ್ಕೆ ಹಾಕಿದರು. ಏಕಾಂತಯ್ಯ ಬೈಕು ತಿರುಗಿಸಿ ರಸ್ತೆಗೆ ಬಂದರು. ಹುಲಿಕೆರೆ ದಾಟುತ್ತಿದ್ದಂತೆ ತಡೆಯಲಾರದೆ, ಮನೆಗೆ ಬಂದ ಹಿರಿಯರ ಹತ್ತಿರ ಹೇಗೆ ಮಾತಾಡಬೇಕು ಅಂತ ಆ ಹುಡುಗನಿಗೆ ಯಾರೂ ಕಲಿಸಿಲ್ಲ ಎಂದು ಶುರು ಮಾಡಿದರು.

"ರೀ," ಎಂದರು ಅನುಸೂಯಮ್ಮ ಹಿಂದಿನಿಂದ, "ಸುಮ್ನೆ ಗಾಡಿ ಓಡ್ಸಿ."

ಅವರು ಸುಮ್ಮನೆ ಓಡಿಸಿದರು.