ಅಕ್ಕಿ ಮಿಲ್ಲಿನ ಚೌಡಪ್ಪನವರ ಪ್ರತಿಮೆ

ಶಿವಮೊಗ್ಗದ ನಮ್ಮ ಚೌಕದಲ್ಲಿ ಮೊದಲು ಟಾಂಗಾ ಕುದುರೆಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿಯಿತ್ತು. ಆಮೇಲೆ ಅದನ್ನು ಕಿತ್ತು ಧ್ವಜಕಟ್ಟೆ ಮಾಡಿದರು. ಐವತ್ತೇಳರಲ್ಲಿ ಅಕ್ಕಿ ಮಿಲ್ಲಿನ ಚೌಡಪ್ಪನವರು ಬಂದು ನಿಂತರು, ಸಿಮೆಂಟಿನಲ್ಲಿ. ಬದುಕಿದ್ದಾಗ ಅವರು ಊರಿಗೊಂದು ಛತ್ರ ಕಟ್ಟಿಸಿಕೊಟ್ಟಿದ್ದರು. ಸತ್ತ ಮೇಲೆ ಊರು ಸುಮ್ಮನಿರುವಂತಿರಲಿಲ್ಲ. ಪ್ರತಿಮೆ ಕಮಿಟಿಗೆ ನಾನೇ ಕಾರ್ಯದರ್ಶಿ. ಆದ್ದರಿಂದ ಮುಂದೆ ಹೇಳುವ ತಪ್ಪಿನಲ್ಲಿ ನನ್ನದೂ ಪಾಲುಂಟು.

ಚೌಡಪ್ಪನವರು ಕುಳ್ಳಗೆ, ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ ಮನುಷ್ಯ. ಹಾಗೇ ನಿಲ್ಲಿಸಿದರೆ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದಿಲ್ಲ ಎಂದು ಕಮಿಟಿಯಲ್ಲಿ ಒಬ್ಬರು ಅಂದರು. ಉಳಿದವರೆಲ್ಲ ಹೌದಪ್ಪಗಳು. ಭದ್ರಾವತಿಯ ಶಿಲ್ಪಿ ಸುಬ್ಬಪ್ಪನ ಕೈಯಲ್ಲಿದ್ದದ್ದು ಎದೆಮಟ್ಟದ ಒಂದು ಫೋಟೋ. ಮುಖವನ್ನು ಅದನ್ನು ನೋಡಿ ಮಾಡಿದ. ಮೈಗೆ ಅಲ್ಲೇ ಹಳೆನಗರದ ಗ್ಯಾರೇಜಿನ ಮೆಕ್ಯಾನಿಕ್ ಹಯಾತನನ್ನು ಹಿಡಿದ. ಆರಡಿ ಆಳು, ನೆಟ್ಟಗಿನ ಬೆನ್ನು. ಹಯಾತ್ ಒಂದು ತಿಂಗಳು ಕೆಲಸ ಮುಗಿಸಿ ಬಂದು, ಪಂಚೆ ಕೋಟು ತೊಟ್ಟು, ಬಲಗೈ ಮುಂದೆ ಚಾಚಿ ನಿಂತ. ತಂದೆಗೆ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ.

ತಂದೆ ಇನಾಯತುಲ್ಲಾ ಸಾಹೇಬರದು ನಮ್ಮ ಚೌಕದ ಮೂಲೆಯಲ್ಲೇ ಸೈಕಲ್ ಅಂಗಡಿ. ಮನುಷ್ಯನ ರೂಪ ಮಾಡುವುದು ಪಾಪ ಎಂದು ನಂಬಿದವರು. ಮನೆಯಲ್ಲಿ ಮದುವೆಗೂ ಫೋಟೋ ತೆಗೆಸಿರಲಿಲ್ಲ. ಪ್ರತಿಮೆ ಎದ್ದ ದಿನ ಸ್ಟೂಲು ತಿರುಗಿಸಿ, ಅದಕ್ಕೆ ಬೆನ್ನು ಹಾಕಿ ಕೂತರು. ಹಟವೇ ಸರಿ. ಆದರೆ ನಮ್ಮ ಕಮಿಟಿಯ ಹುರುಪಿಗಿಂತ ಪ್ರಾಮಾಣಿಕವಾದ ಹಟ.

ಅನಾವರಣಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಚೌಡಪ್ಪನವರ ಹೆಂಡತಿ ಶೇಷಮ್ಮ ಮಾತ್ರ, "ಮುಖ ಅವ್ರದ್ದೇ. ಈ ಮೈ ಯಾರ್ದು?" ಅಂದರು. ನಾವು ಕೇಳಿಸದವರಂತೆ ಹಾರ ಹಾಕಿದೆವು.

ಮರುವರ್ಷ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ತಗಡು ಚುಚ್ಚಿ ಹಯಾತನಿಗೆ ಧನುರ್ವಾಯುವಾಯಿತು. ಐದೇ ದಿನದಲ್ಲಿ ತೀರಿಕೊಂಡ. ಇಪ್ಪತ್ತಾರರ ಹುಡುಗ. ನಲವತ್ತನೇ ದಿನದ ಊಟಕ್ಕೆ ಬಂದಿದ್ದ ಸುಬ್ಬಪ್ಪ, ಮನಸ್ಸು ತಡೆಯದೆ ಇನಾಯತುಲ್ಲಾರಿಗೆ ಎಲ್ಲವನ್ನೂ ಹೇಳಿಬಿಟ್ಟನಂತೆ. ಮಾರನೇ ಬೆಳಿಗ್ಗೆ ಅಂಗಡಿಯ ಸ್ಟೂಲು ಚೌಕದ ಕಡೆಗೆ ತಿರುಗಿತ್ತು.

ಅಷ್ಟರಲ್ಲಿ ಶೇಷಮ್ಮನವರ ಅರ್ಜಿ ಬಂತು. ಈ ಪ್ರತಿಮೆ ಒಡೆಸಿ, ತಮ್ಮ ಗಂಡ ಹೇಗಿದ್ದರೋ ಹಾಗೇ ಬೇರೊಂದನ್ನು ತಾವೇ ಮಾಡಿಸಿಕೊಡುವುದಾಗಿ ಬರೆದಿದ್ದರು. ಕಮಿಟಿ ಮತ್ತೆ ಹೌದಪ್ಪ. ಗೊತ್ತು ಮಾಡಿದ ದಿನ ಹಾರೆ ಹಿಡಿದ ಇಬ್ಬರು ಬಂದರು, ಹಿಂದೆಯೇ ಶೇಷಮ್ಮನವರೂ ಬಂದರು. ಇನಾಯತುಲ್ಲಾ ಅಂಗಡಿಯಿಂದ ಎದ್ದು ಬಂದು ಕಟ್ಟೆಗೆ ಅಡ್ಡ ನಿಂತರು.

"ಇದೇನ್ ಸಾಬ್ರೆ, ನಿಮಗೆ ಇದನ್ನ ಕಂಡ್ರೇ ಆಗ್ತಿರ್ಲಿಲ್ಲ!" ಅಂದೆ ನಾನು.

ಅವರು ನನ್ನ ಕಡೆ ನೋಡಲೇ ಇಲ್ಲ. "ಅಮ್ಮಾರೆ," ಅಂದರು ಶೇಷಮ್ಮನವರಿಗೆ, "ಇದು ನನ್ ಮಗ ಹಯಾತನ ಮೈ. ಅವನನ್ನೇ ನಿಲ್ಸಿ ಮಾಡಿದ್ದು. ಮನೇಲಿ ಅವನದ್ದು ಒಂದ್ ತಸ್ವೀರಿಲ್ಲ. ನಾನೇ ಬೇಡ ಅಂದಿದ್ದೆ." ಕಟ್ಟೆಯ ಮೇಲೆ ಕೈಯಿಟ್ಟರು. "ತಲೆ ನಿಮ್ದು, ತಗೊಂಡ್ ಹೋಗಿ. ಕೆಳಗಿಂದು ಬಿಟ್ಬಿಡಿ."

ಯಾರೋ ಕಿಸಕ್ಕನೆ ನಕ್ಕರು. ಶೇಷಮ್ಮ ನಗಲಿಲ್ಲ. ಬಹಳ ಹೊತ್ತು ಪ್ರತಿಮೆಯ ಕಾಲುಗಳನ್ನು ನೋಡಿದರು. ಆಮೇಲೆ ಹಾರೆಯವರಿಗೆ ಹೋಗಿ ಎಂದು ಕೈ ಮಾಡಿದರು.

"ತಲೆ ಇಲ್ದೆ ಆ ಹುಡುಗನ್ನ ಬಿಸಿಲಲ್ಲಿ ಹೆಂಗ್ ನಿಲ್ಸೋದು ಸಾಬ್ರೆ?" ಅಂದರು. "ಇಬ್ರೂ ಇರ್ಲಿ."