ಎಲ್ಲ ಕಡೆಯಿಂದಲೂ ಸೋರುತ್ತಿದ್ದ ಕಾರು

ಹೋದ ದಸರೆಯಿಂದೀಚೆಗೆ ವೆಂಕಟೇಶಯ್ಯನವರ ಕಾರು ಯಾರ ಮನೆ ಮುಂದೆ ನಿಂತರೂ ಗುರುತು ಬಿಡದೆ ಹೊರಟದ್ದಿಲ್ಲ. ಮರಳೂರಿನ ನೆಂಟರ ಬಾಗಿಲಲ್ಲಿ ರಂಗೋಲಿಯ ನಟ್ಟನಡುವೆ ಆಯಿಲ್ ಸುರಿಸಿ, "ಇನ್ನೊಂದ್ಸಲ ಬರೋದಾದ್ರೆ ಹೇಳಿಕಳಿಸಿ, ಒಂದು ಬೋಗುಣಿ ಇಟ್ಟಿರ್ತೀವಿ" ಎಂದು ಅನ್ನಿಸಿಕೊಂಡಿತ್ತು. ಗುಬ್ಬಿಯಲ್ಲಿದ್ದ ವೆಂಕಟೇಶಯ್ಯನವರಿಗೆ ಕಣ್ಣಿನ ಪೊರೆ ಬಲಿತು ಸ್ಟೀರಿಂಗ್ ಬಿಟ್ಟ ಮೇಲೆ ಕಾರು ತುಮಕೂರಿನ ಶೆಟ್ಟಿಹಳ್ಳಿಗೆ, ಮಗಳು ಕೌಸಲ್ಯಳ ಮನೆಗೆ ಬಂತು. ಮದುವೆಗೆ ಮುಂಚೆಯೇ ಅಪ್ಪನ ಪಕ್ಕದಲ್ಲಿ ಕೂತು ಓಡಿಸಲು ಕಲಿತಿದ್ದವಳು ಅವಳು. ಅಪ್ಪ ಕೊಟ್ಟದ್ದು ಉಡುಗೊರೆಯೋ ಪೀಡೆಯೋ ಎಂದು ಬೀದಿಯವರು ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಕಾಸು ಕೊಡಬೇಕೆ!

ಅವಳಿಗೆ ಆ ಕಾರು ಬೇಕೇ ಬೇಕಿತ್ತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ವರ್ಷಗಟ್ಟಲೆ ಹಪ್ಪಳ ಒತ್ತಿಕೊಂಡು ಕೂತಿದ್ದವಳಿಗೆ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕುಣಿಗಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ಗಂಡ ಸುಬ್ಬಕೃಷ್ಣ ಚಿತ್ರದುರ್ಗದಲ್ಲಿ ಬ್ಯಾಂಕಿನವನು, ಭಾನುವಾರಕ್ಕೊಮ್ಮೆ ಮುಖ ತೋರಿಸುವವನು. "ಅಮ್ಮ ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ" ಎಂದು ನಾಜೂಕಾಗಿ ಜಾರಿಕೊಂಡ. ಆ ಅಮ್ಮ, ಅಂದರೆ ಅತ್ತೆ ರಾಧಮ್ಮ, ಬೇಡ ಅನ್ನಲಿಲ್ಲ. ಬೇಡ ಅನ್ನುವವರ ಜೊತೆಗಾದರೂ ಜಗಳ ಆಡಬಹುದು.

"ಹೋಗಮ್ಮ, ಓದಿದ್ದೀಯ. ಆದ್ರೆ ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಸೊಸೆ ಮನೇಲಿರ್ಬೇಕು. ಅದು ಆಗಲ್ಲ ಅಂದ್ರೆ ಕೆಲ್ಸ ಬೇಡ" ಎಂದರು. ಕೌಸಲ್ಯ ಹೂಂ ಎಂದು ಒಪ್ಪಿಕೊಂಡಳು.

ಕುಣಿಗಲ್ಲಿನಿಂದ ಬರುವ ಸಂಜೆ ಬಸ್ಸನ್ನು ನಂಬಿದರೆ ದೀಪ ಹಾಗಿರಲಿ, ಊಟದ ಹೊತ್ತಿಗೂ ಮನೆ ಸೇರುವ ಖಾತ್ರಿಯಿರಲಿಲ್ಲ. ಹಾಗಾಗಿ ಕಾರು ಓಡಿದರೆ ಕೆಲಸ, ಇಲ್ಲದಿದ್ದರೆ ಹಪ್ಪಳ.

ಬಿ.ಎಚ್. ರಸ್ತೆಯ ಬದಿಯ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿದ್ದ ಜುಂಜಪ್ಪ ಕಾರಿನ ಕೆಳಗೆ ತೂರಿ, ಹೊರಗೆ ಬಂದು, ಕೈ ಒರೆಸಿಕೊಂಡ. "ಮುಂದ್ಲಿಂದ ಸೋರ್ತೈತೆ, ಹಿಂದ್ಲಿಂದ ಸೋರ್ತೈತೆ, ಮ್ಯಾಗ್ಲಿಂದ್ಲೂ ಸೋರ್ತೈತೆ. ಹೊಗೆ ಬೇರೆ. ಇಂಜಿನ್ ಕೆಳಗಿಳಿಸ್ಬೇಕು ಕಣಮ್ಮ. ಸಾಮಾನು ಬೆಂಗ್ಳೂರಿಂದ ಬರೋ ಹೊತ್ಗೆ ಗೌರಿಹಬ್ಬ ಆಗೋಯ್ತದೆ."

"ಸ್ಕೂಲು ಜೂನ್‌ನಲ್ಲಿ ಶುರು ಆಗತ್ತೆ, ಜುಂಜಪ್ಪನೋರೆ."

"ಹಂಗಾರೆ ಬಸ್ನಲ್ಲಿ ಹೋಗ್ರಮ್ಮ."

ಕೌಸಲ್ಯಳಿಗೆ ರೇಗಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ? ಎಲ್ಲಿಂದ ಸೋರುತ್ತಿದೆ ಎಂದು ಅವನು ಹೇಳಿದ, ಸರಿ. ಏಕೆ ಸೋರುತ್ತಿದೆ ಎಂದು ಹೇಳಲಿಲ್ಲವಲ್ಲ. ಅದು ಗೊತ್ತಾಗುವವರೆಗೆ ಇಂಜಿನ್ ಇಳಿಸುವುದಿಲ್ಲ ಎಂದು ಅಲ್ಲೇ ಹಠ ಹಿಡಿದಳು. ಜುಂಜಪ್ಪ ಕೋಪ ಮಾಡಿಕೊಳ್ಳುವ ಆಸಾಮಿಯಲ್ಲ. "ನೋಡಂಗಿದ್ರೆ ಇಂಜಿನ್ನ ಸೀಮೆಎಣ್ಣೆಲಿ ತೊಳ್ದು, ಒಣಗ್ಸಿ, ಹಿಟ್ಟು ಉದುರ್ಸಿ ಓಡ್ಸಿ. ಮೊದ್ಲು ಎಲ್ಲಿ ಒದ್ದೆ ಆಯ್ತದೋ ಅಲ್ಲೈತೆ ಕಳ್ಳ. ರಂಗೋಲಿ ಪುಡಿ ಮಾತ್ರ ಬ್ಯಾಡಿ, ಅದು ಕಲ್ಲು, ಇಂಜಿನ್ನ ತಿಂದಾಕ್ತದೆ" ಎಂದು ಹೇಳಿಕೊಟ್ಟ.

ಮಾರನೆಯ ಬೆಳಿಗ್ಗೆ ಕೌಸಲ್ಯ ಸೆರಗು ಸಿಕ್ಕಿಸಿ ಇಂಜಿನ್ನಿಗೆ ಅಭ್ಯಂಜನ ಮಾಡಿಸಿದಳು. ಸೀಮೆಎಣ್ಣೆಯ ನಾತಕ್ಕೆ ರಾಧಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಅಕ್ಕಿಹಿಟ್ಟಿನ ಡಬ್ಬ ಹೊರಗೆ ಹೋದದ್ದನ್ನು ಕಂಡು ಮತ್ತೆ ಹೊರಗೆ ಬಂದರು. "ಏನೇ ಇದು, ಕಾರಿಗೆ ತಂಬಿಟ್ಟು ಮಾಡ್ತಿದೀಯಾ?" ಎಂದರು. ಕೌಸಲ್ಯ ನಕ್ಕಳು, ಆದರೆ ಕೈ ನಿಲ್ಲಿಸಲಿಲ್ಲ. ಹಿಟ್ಟು ಉದುರಿಸಿ, ಬಾನೆಟ್ ಮುಚ್ಚಿ, ನೇರವಾಗಿ ಗುಬ್ಬಿಗೆ, ಅಪ್ಪನ ಮನೆಗೆ ಹೊರಟಳು.

ಅಪ್ಪನ ಅಂಗಳದಲ್ಲಿ ಬಾನೆಟ್ ಎತ್ತಿದರೆ, ಕಳ್ಳ ಒಬ್ಬನಲ್ಲ. ಮೇಲಿನ ಮುಚ್ಚಳದ ಸುತ್ತ ಹಿಟ್ಟು ನೆನೆದಿತ್ತು, ಮುಂದಿನ ಪುಲ್ಲಿಯ ಬುಡದಲ್ಲಿ ನೆನೆದಿತ್ತು, ಆಯಿಲ್ ಅಳೆಯುವ ಕಡ್ಡಿಯ ತೂತಿನಿಂದಲೂ ಉಕ್ಕಿತ್ತು. ಹಿಂದೆ ಗೇರ್‌ಬಾಕ್ಸಿನ ಸಂದಿಯಲ್ಲಿ ತೊಟ್ಟು ತೊಟ್ಟು ಬೀಳುತ್ತಿತ್ತು. ಜುಂಜಪ್ಪ ಹೇಳಿದ್ದೇ ನಿಜ, ಎಲ್ಲ ಮುಗಿಯಿತು ಎಂದುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು.

ಕೂತವಳು ಸುಮ್ಮನೆ ಅಳುತ್ತಾ ಇರಲಿಲ್ಲ ಅನ್ನಿ. ಅಷ್ಟು ಕಡೆ ಸಂದಿ ಮುಚ್ಚುವ ಗ್ಯಾಸ್ಕೆಟ್ಟುಗಳು ಒಂದೇ ದಸರೆಗೆ ಮಾತಾಡಿಕೊಂಡು ಕೆಟ್ಟವೇ? ಇರಲಾರದು. ಹೋದ ತಿಂಗಳು ಮನೆಯಲ್ಲಿ ಕುಕ್ಕರಿನ ವಿಷಲ್ಲಿಗೆ ಬೇಳೆ ಸಿಕ್ಕಿಕೊಂಡಾಗ ಉಗಿ ಸುತ್ತಲೂ ಸಂದಿ ಹುಡುಕಿಕೊಂಡು ನುಗ್ಗಿತ್ತು. ಆಗ ಕೆಟ್ಟಿದ್ದದ್ದು ರಬ್ಬರಲ್ಲ, ವಿಷಲ್ಲು. ಅವಳು ದಿಗ್ಗನೆದ್ದಳು.

"ಅಪ್ಪಾ, ಈ ಇಂಜಿನ್ ಉಸಿರು ಎಲ್ಲಿಂದ ಬಿಡತ್ತೆ?"

"ಬ್ರೀದರ್ ಪೈಪು ಅಂತ ಒಂದಿದೆಯಲ್ಲ, ಪಕ್ಕದಲ್ಲಿ ಬಗ್ಗಿಕೊಂಡು" ಎಂದರು ವೆಂಕಟೇಶಯ್ಯ. ಮಗಳಿಗೆ ಕಾಣಲಿಲ್ಲ. ಇಂಜಿನ್ನಿಗೆಲ್ಲ ಒಂದೇ ಬೆಳ್ಳಿ ಬಣ್ಣ. ಅವರು ಅವಳನ್ನು ಸರಿಸಿ, ತಾವೇ ಬಗ್ಗಿ, ಕಣ್ಣಿಗೆ ಕೆಲಸ ಕೊಡದೆ ಬೆರಳಿಂದ ತಡಕುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದರು. ಬಣ್ಣದ ಹೊಪ್ಪಳೆ ಎದ್ದು ಬಂತು, ಅದರ ಹಿಂದೆ ಬಟ್ಟೆ. ಹಿಡಿದೆಳೆದರೆ ಎಣ್ಣೆ ಕುಡಿದು ಕರ್ರಗಾದ ಹಳೇ ಪಂಚೆಯ ತುಂಡು.

ವೆಂಕಟೇಶಯ್ಯನವರದು ಒಂದು ಪದ್ಧತಿಯಿತ್ತು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಕಾರನ್ನು ಗುಬ್ಬಿ ಕೆರೆಗೆ ಇಳಿಸಿ, ನೀರು ಒಳಗೆ ಹೋಗದಿರಲೆಂದು ಇಂಜಿನ್ನಿನ ತೂತಿಗೆಲ್ಲ ಪಂಚೆ ಹರಿದು ತುರುಕಿ, ಮೀಯಿಸಿ, ಬಟ್ಟೆ ತೆಗೆದು, ಆಮೇಲೆ ಬೆಳ್ಳಿ ಬಣ್ಣ ಹೊಡೆಯುವುದು. ಬೇರೆಯವರ ಕೈಯಲ್ಲಿ ಮಾಡಿಸಿದರೆ ಪೂಜೆ ಹೇಗಾಗುತ್ತದೆ ಎಂದು ಹೋದ ವರ್ಷವೂ, ಆ ಕಣ್ಣಲ್ಲೇ, ಎಲ್ಲ ತಾವೇ ಮಾಡಿದ್ದರು. ಒಂದು ತುಂಡು ಉಳಿದುಬಿಟ್ಟಿತ್ತು. ಉಳಿದದ್ದರ ಮೇಲೆ ಬಣ್ಣವನ್ನೂ ಬಳಿದಿದ್ದರು.

"ನಾನೇನಾ ಮಗು ಇದನ್ನ ಮಾಡಿದ್ದು?"

ಇಲ್ಲ ಅನ್ನಬಹುದಿತ್ತು. ಕೌಸಲ್ಯ ಅನ್ನಲಿಲ್ಲ. "ಹೌದಪ್ಪ, ನೀವೇ."

ಮುದುಕರು ಆ ತುಂಡನ್ನು ಕೈಯಲ್ಲೇ ಹಿಂಡಿದರು. ನಾಚಿಕೆಯಾಗಿತ್ತು, ನೋವೂ ಆಗಿತ್ತು. "ಸದ್ಯ, ಕೆಟ್ಟಿದ್ದು ನನ್ನ ಕಣ್ಣು, ಕಾರಲ್ಲ" ಎಂದು ಹೇಳಿ ಕೈ ತೊಳೆಯಲು ಬಚ್ಚಲಿಗೆ ಹೋದರು.

ತುಮಕೂರಿಗೆ ಹಿಂದಿರುಗುವಾಗ ಸೋರುವುದು ಮುಕ್ಕಾಲು ಪಾಲು ನಿಂತಿತ್ತು. ಹೊಗೆ ಮಾತ್ರ ನಿಂತಿರಲಿಲ್ಲ. ಕೌಸಲ್ಯ ಅದನ್ನು ಮುಚ್ಚಿಟ್ಟುಕೊಳ್ಳದೆ ಕಾರನ್ನು ನೇರ ಜುಂಜಪ್ಪನ ಮುಂದೆಯೇ ನಿಲ್ಲಿಸಿದಳು. ಪಂಚೆಯ ಕಥೆ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ. "ಆ ಬಣ್ಣ ನನ್ಗೂ ನಾಮ ಹಾಕ್ತಲ್ಲ" ಎಂದ. ಆಮೇಲೆ ಇಂಜಿನ್ ತಿರುಗಿಸುವ ಹ್ಯಾಂಡಲನ್ನು ಮುಂದಿನಿಂದ ತೂರಿಸಿ, ನಿಧಾನವಾಗಿ ತಿರುಗಿಸಿ, ಅವಳ ಕೈಗೂ ಕೊಟ್ಟ. ಮೂರು ಸಿಲಿಂಡರು ಕೈಯನ್ನು ತಡೆದು ನಿಲ್ಲಿಸುತ್ತಿದ್ದವು, ಒಂದು ಮಾತ್ರ ಸಲೀಸಾಗಿ ಜಾರುತ್ತಿತ್ತು. ಆ ಒಂದರ ಪ್ಲಗ್ ಬಿಚ್ಚಿ, ಒಳಗೆ ಒಂದು ಚಮಚ ಆಯಿಲ್ ಬಿಟ್ಟು, ಮತ್ತೆ ಪ್ಲಗ್ ಬಿಗಿದು ತಿರುಗಿಸಿದರೆ ಅದೂ ಬಿಗಿಯಾಯಿತು.

"ಆಯಿಲ್ ಬಿದ್ಮ್ಯಾಲೆ ಬಿಗಿ ಬಂತಲ್ಲ, ಅಂದ್ರೆ ಪಿಸ್ಟನ್ ರಿಂಗ್ ಸವ್ದೈತೆ, ಹೊಗೆ ಅದ್ಕೇ. ಬರ್ದೇ ಇದ್ದಿದ್ರೆ ವಾಲ್ವು ಅಂತಿದ್ದೆ."

"ಓಡ್ಸಬಹುದಾ?"

"ದಸರಾ ರಜಾ ತಂಕ ಓಡ್ತದೆ. ಆಗ ಬಿಚ್ಚಿ ಹೊಸ ರಿಂಗ್ ಹಾಕ್ಕೊಡ್ತೀನಿ. ಆದ್ರೆ ಮೀಟ್ರು ಇಪ್ಪತ್ತೈದು ಮೈಲಿ ದಾಟಂಗಿಲ್ಲ. ತುಳುದ್ರೋ, ಸಿಲಿಂಡರ್ ಒಳಗೋಡೆ ಗೀರ್ಕೊಂಡು ಇಂಜಿನ್ನೇ ಹೋಯ್ತದೆ. ಆಮ್ಯಾಲೆ ನನ್ನ ಕೇಳ್ಬ್ಯಾಡಿ."

ಜೂನ್ ಮೊದಲ ಸೋಮವಾರ ಕೌಸಲ್ಯ ಕುಣಿಗಲ್ಲಿಗೆ ಹೋದಳು. ಹೆಣ್ಣುಮಕ್ಕಳು ಲೋಲಕದ ಪ್ರಯೋಗ ನೋಡಿ ಇನ್ನೊಂದು ಸಲ ತೋರಿಸಿ ಮಿಸ್ ಎಂದು ಗಂಟುಬಿದ್ದರು. ಖುಷಿಯಲ್ಲಿ ಅವಳಿಗೆ ಮಧ್ಯಾಹ್ನದ ಊಟವೇ ಬೇಕೆನಿಸಲಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಹೆಡ್‌ಮಿಸ್ಟ್ರೆಸ್ ಮೀಟಿಂಗ್ ಎಂದು ಕೂರಿಸಿಕೊಂಡರು. ಹೊರಡುವಾಗ ಬಿಸಿಲು ಇಳಿದಿತ್ತು.

ಹೆಬ್ಬೂರು ದಾಟುವಾಗ ಹೊತ್ತು ಮುಳುಗುವುದರಲ್ಲಿತ್ತು. ಅವಳು ಕಾಲು ಒತ್ತಿದಳು. ಮುಳ್ಳು ಮೂವತ್ತು ದಾಟಿತು, ಮೂವತ್ತೈದಕ್ಕೆ ಹೋಯಿತು. ಕನ್ನಡಿಯಲ್ಲಿ ನೀಲಿ ಹೊಗೆ ರಸ್ತೆಯನ್ನೇ ಮುಚ್ಚಿತು. ಇದೇ ಓಟದಲ್ಲಿ ಹೋದರೆ ಅತ್ತೆ ದೀಪ ಹಚ್ಚುವ ಮೊದಲು ಬಾಗಿಲಲ್ಲಿರಬಹುದು. ಇಂಜಿನ್ ನಾಳೆ ಸಾಯುತ್ತದೆ. ನಿಧಾನವಾಗಿ ಹೋದರೆ ಇಂಜಿನ್ ಬದುಕುತ್ತದೆ, ಮಾತು ಸಾಯುತ್ತದೆ. ಇಷ್ಟು ದಿನ ಒದ್ದಾಡಿ ಸರಿ ಮಾಡಿಸಿದ್ದು ಇದಕ್ಕೇನಾ ಎಂದು ಅವಳಿಗೆ ಅಳುವೇ ಬಂತು. ಅಳುವಿನ ಬೆನ್ನಿಗೇ ಸಿಟ್ಟೂ ಬಂತು. ಕಾರೇ ಇಲ್ಲದಿದ್ದರೆ ಕೆಲಸ ಬಿಡುತ್ತಿದ್ದೆನೇ? ಇಲ್ಲ. ಬಸ್ಸಿನಲ್ಲಿ ಹೋಗುತ್ತಿದ್ದೆ. ನಡೆದಾದರೂ ಹೋಗುತ್ತಿದ್ದೆ. ಅದನ್ನು ಅತ್ತೆಯ ಮುಂದೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಹೇಳುವ ಧೈರ್ಯವಿಲ್ಲದೆ ಭಾರವನ್ನೆಲ್ಲ ಒಂದು ಹಳೇ ಇಂಜಿನ್ನಿನ ಮೇಲೆ ಹೊರಿಸಿದ್ದಳು.

ಅವಳು ಕಾಲು ಸಡಿಲಿಸಿದಳು. ಮುಳ್ಳು ಇಪ್ಪತ್ತೈದಕ್ಕೆ ಇಳಿಯಿತು. ಹೊಗೆ ತೆಳುವಾಯಿತು. ಎತ್ತಿನ ಗಾಡಿಯೊಂದನ್ನು ಬಿಟ್ಟರೆ ದಾರಿಯಲ್ಲಿದ್ದವರೆಲ್ಲ ಅವಳನ್ನು ಹಿಂದೆ ಹಾಕಿಕೊಂಡು ಹೋದರು.

ಶೆಟ್ಟಿಹಳ್ಳಿ ತಲುಪುವಾಗ ಕತ್ತಲಾಗಿತ್ತು. ರಾಧಮ್ಮ ಗೇಟಿನಲ್ಲೇ ನಿಂತಿದ್ದರು. ಆಡಬೇಕಾದ ಮಾತು ಅವರ ತುಟಿಯ ಮೇಲೇ ಇತ್ತು. ಅದಕ್ಕೆ ಮುಂಚೆ ಕೌಸಲ್ಯ ಇಳಿದು ಬಂದು ಎದುರಿಗೆ ನಿಂತಳು.

"ಅತ್ತೆ, ಇವತ್ತು ತಡವಾಯ್ತು. ನಾಳೆನೂ ಆಗಬಹುದು. ಕಾರು ಇನ್ನೂ ಜೋರಾಗಿ ಓಡತ್ತೆ, ನಾನೇ ಓಡಿಸ್ಲಿಲ್ಲ. ದೀಪದ ಹೊತ್ತಿಗೆ ಬರ್ತೀನಿ ಅಂತ ಒಪ್ಕೊಂಡಿದ್ದು ನನ್ನ ತಪ್ಪು, ಆ ಮಾತು ನಡೆಸೋಕೆ ನನ್ನಿಂದ ಆಗಲ್ಲ. ಕೆಲ್ಸ ಮಾತ್ರ ನಾನು ಬಿಡಲ್ಲ."

ಈ ಸೊಸೆ ಈ ಮನೆಗೆ ಕಾಲಿಟ್ಟಾಗಿನಿಂದ ಇಷ್ಟು ಉದ್ದದ ಮಾತು ಆಡಿದ್ದನ್ನು ರಾಧಮ್ಮ ಕೇಳಿರಲಿಲ್ಲ. ಅವರು ಗೇಟಿನ ಇನ್ನೊಂದು ಬಾಗಿಲನ್ನೂ ತಾವೇ ತೆರೆದರು.

"ಕಾರು ಒಳಗೆ ತಗೊಂಡು ಬಾ" ಎಂದರು. "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀಯ ಹೇಳು, ತಿಂಡಿ ಅಷ್ಟರೊಳಗೆ ಆಗ್ಬೇಕಲ್ಲ."