ಶೀಟಿನ ಆ ತುದಿ

ಅತ್ತಿಗೆ ಆ ತುದಿ ಹಿಡಿದಳು, ನಾದಿನಿ ಈ ತುದಿ. ಆಸ್ಪತ್ರೆಯ ಬಿಳಿ ಶೀಟು ನಡುವೆ ಬಿಗಿಯಾಯಿತು. ಒಮ್ಮೆ ಕೊಡವಿ, ಉದ್ದಕ್ಕೆ ಅರ್ಧ ಮಡಿಸಿ, ಇಬ್ಬರೂ ಎದುರುಬದುರು ನಡೆದು ಬಂದರು. ತುದಿಗೆ ತುದಿ ಸೇರಿ ಉಸಿರು ತಾಗುವಷ್ಟು ಹತ್ತಿರವಾದಾಗ ಅತ್ತಿಗೆ ತುಟಿ ಅಲುಗಿಸದೆ ಅಂದಳು:

“ತಡ್ಕೊಳಕ್ಕೆ.”

ಶೀಟು ರಾಶಿಗೆ ಸೇರಿತು. ಇನ್ನೊಂದು ಬಂತು. ಕೊಡವಿದರು, ಮಡಿಸಿದರು, ನಡೆದು ಬಂದರು.

“ಆಗ್ತಿಲ್ಲ.”

ಆ ಲಾಂಡ್ರಿಯಲ್ಲಿ ಮಾತು ನಡೆಯುತ್ತಿದ್ದುದೇ ಹೀಗೆ, ಒಂದು ಶೀಟಿಗೆ ಒಂದು ಮಾತು. ಯಾರ ಮಗಳು ಯಾರ ಜೊತೆ ಓಡಿಹೋದಳು ಅನ್ನುವುದು ಪೂರ್ತಿ ತಿಳಿಯಲು ನಲವತ್ತು ಶೀಟು ಬೇಕು. ಗಂಡನನ್ನು ಬೈಯುವುದಕ್ಕೆ ದಿಂಬಿನ ಚೀಲವೇ ಧಾರಾಳ. ಕೆಲಸದ ಹೊತ್ತಿನಲ್ಲಿ ಬಾಯಿ ಬಿಟ್ಟದ್ದು ಕಿವಿಗೆ ಬಿದ್ದರೆ ಸಂಜೆಯವರೆಗೂ ಕಕ್ಕಸಿನ ಕೀ ಸಿಗುತ್ತಿರಲಿಲ್ಲ. ಕೀ ಇದ್ದದ್ದು ಮೇಸ್ತ್ರಿಯ ಕೊರಳಲ್ಲಿ, ಸೀಟಿಯ ಜೊತೆ ಒಂದೇ ದಾರದಲ್ಲಿ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಬೀಗಪ್ಪ.

ಅತ್ತಿಗೆಗೆ ಏಳು ತಿಂಗಳು. ಬೆಳಿಗ್ಗೆ ಹೊಟ್ಟೆಯೊಳಗಿನ ಕೂಸು ಒದ್ದಾಗ “ಅಯ್ಯಮ್ಮಾ” ಅಂದುಬಿಟ್ಟಿದ್ದಳು.

“ಯಾವಳೇ ಅದು ಕಿರುಚಿದ್ದು?” ಬೀಗಪ್ಪ ಹಾರಿ ಬಂದಿದ್ದ.

“ಕೂಸು ಒದೀತಣ್ಣಾ.”

“ನೋಡು, ಇದು ಎರಡನೇ ಮಾತು. ಒದ್ದಿದ್ದು ಅದು, ಬಾಯಿ ಬಿಟ್ಟಿದ್ದು ನೀನು. ಇವತ್ತು ಕೀ ಇಲ್ಲ, ಹೋಗು.”

ಪಕ್ಕದ ಸಾಲಿನಲ್ಲಿ ಎಲ್ಲರಿಗೂ ಹಿರಿಯಳಾದ ದೊಡ್ಡಮ್ಮ ಮೂರು ಶೀಟು ಖರ್ಚು ಮಾಡಿ ಶಾಪ ಹಾಕಿದಳು. ಮೊದಲನೆಯದಕ್ಕೆ “ಈ ಬೋಳಿಮಗನ.” ಎರಡನೆಯದಕ್ಕೆ “ಕೊರಳಿಗೆ.” ಮೂರನೆಯದಕ್ಕೆ “ಹಾವು ಸುತ್ಕೊಳ್ಳ.”

ನಾದಿನಿ ಮಾತ್ರ ಯಾವ ಶೀಟಿಗೂ ಏನೂ ಅನ್ನುತ್ತಿರಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಣ್ಣು ನಾಲ್ಕೂ ಕಡೆ, ಬಾಯಿ ಯಾವ ಕಡೆಗೂ ಇಲ್ಲ. ಹಾಗಾಗಿ ಮೂಗಿ ಎಂದೇ ಕರೆಯುತ್ತಿದ್ದರು.

ಇಂಥ ಜಾಗದಲ್ಲಿ ಪಾಠ ಶುರುವಾಗಿತ್ತು. ಕೆಲಸಗಾರರಿಗೆ ಅಕ್ಷರ ಕಲಿಸಿದ್ದಕ್ಕೆ ಪುರಾವೆ ತೋರಿಸದಿದ್ದರೆ ಬಟ್ಟೆ ಬೇರೆ ಲಾಂಡ್ರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಪತ್ರ ಬರೆದಿದ್ದರು. ಮರುವಾರವೇ ಗೋದಾಮಿನಲ್ಲಿ ಒಂದು ಕರಿಹಲಗೆ, ಒಬ್ಬರು ಮೇಷ್ಟ್ರು.

ಮೇಷ್ಟ್ರು ಸಣ್ಣ ವಯಸ್ಸಿನವರು, ದೊಡ್ಡ ಆಸೆಯವರು. “ನಾನು ಹೇಳೋದು, ನೀವು ಕೇಳೋದು, ಅದು ಪಾಠ ಅಲ್ಲ. ಚರ್ಚೆ ಮಾಡೋಣ. ನೀವು ಮಾತಾಡಿ.”

ಹದಿನೆಂಟು ಹೆಂಗಸರು ಬಾಗಿಲಲ್ಲಿ ನಿಂತಿದ್ದ ಬೀಗಪ್ಪನ ಕೊರಳನ್ನೇ ನೋಡುತ್ತಾ ಕೂತರು. ಪ್ರಶ್ನೆ ಕಷ್ಟವಾಯಿತೇನೋ ಎಂದು ಮೇಷ್ಟ್ರು ಸುಲಭದ್ದು ಕೇಳಿದರು, “ಹೋಗ್ಲಿ, ನಿಮ್ಮ ಹೆಸರು ಹೇಳಿ.”

ಕೊನೆಗೆ ದೊಡ್ಡಮ್ಮ ಕೈ ಎತ್ತಿದಳು. “ಹೆಸರು ಹೇಳಿದ್ರೆ ಕೀ ಕಟ್ ಆಗಲ್ವಾ ಮೇಷ್ಟ್ರೇ?”

ಎರಡು ವಾರ ಮೇಷ್ಟ್ರು ಗೋಡೆಗೆ ಪಾಠ ಮಾಡಿದರು. ಮೂರನೇ ವಾರ ಬೇಗ ಬಂದವರು ಕಿಟಕಿಯಲ್ಲಿ ನಿಂತು ಶೀಟು ಮಡಿಸುವುದನ್ನು ಕಂಡರು. ಏನೋ ಹೊಳೆಯಿತು. ರಾಶಿಯಿಂದ ಒಂದು ಶೀಟು ಎಳೆದುಕೊಂಡೇ ಗೋದಾಮಿಗೆ ಬಂದರು.

“ಇನ್ಮೇಲೆ ಇಷ್ಟೇ. ಈ ತುದಿ ಹಿಡಿದವರು ಕೇಳಬೇಕು, ಆ ತುದಿ ಹಿಡಿದವರು ಹೇಳಬೇಕು. ಹೇಳೋವರೆಗೂ ಶೀಟು ಮಡಿಸೋ ಹಾಗಿಲ್ಲ.”

ಕಟ್ಟೆ ಒಡೆಯಿತು. ಕೈಯಲ್ಲಿ ಶೀಟಿದ್ದರೆ ಅವರಿಗೆ ಮಾತು ತಾನಾಗಿ ಬರುತ್ತಿತ್ತು. ಆಸ್ಪತ್ರೆಗೆ ಪುರಾವೆ ಬೇಕಿತ್ತು, ಪಾಠದ ಮಾತಿಗೆ ಬೀಗಪ್ಪ ಕೀ ತಡೆಯಲಿಲ್ಲ. ಬಿಸಿಲಿಲ್ಲದ ಕೋಣೆಯಲ್ಲೂ ಒದ್ದೆ ಬಟ್ಟೆ ಹೇಗೆ ಒಣಗುತ್ತದೆ ಎಂದು ಒಂದು ಮಧ್ಯಾಹ್ನವಿಡೀ ಜಗಳ. ಗಾಳಿ ನೀರು ಕುಡಿಯುತ್ತೆ ಎಂದಳು ಒಬ್ಬಳು. “ಹಾಗಾದ್ರೆ ಮಳೆಗಾಲದಲ್ಲಿ ಗಾಳಿಗೆ ಹೊಟ್ಟೆ ತುಂಬಿರುತ್ತೆ, ಅದಕ್ಕೇ ಕುಡಿಯಲ್ಲ” ಎಂದಳು ದೊಡ್ಡಮ್ಮ. ಮೇಷ್ಟ್ರು ಪುಸ್ತಕ ತೆಗೆದು ನೋಡಿದರು. ಅದರಲ್ಲಿಯೂ ಹೆಚ್ಚುಕಡಿಮೆ ಅದೇ ಇತ್ತು, ಇನ್ನೂ ಕಷ್ಟದ ಮಾತಿನಲ್ಲಿ. ಅಷ್ಟೆಲ್ಲ ಆದರೂ ಮೂಗಿ ಒಂದು ದಿನವೂ ತುದಿ ಹಿಡಿದಿರಲಿಲ್ಲ.

ಅತ್ತಿಗೆಗೆ ಕೀ ಸಿಗದ ಈ ದಿನವೇ ಆಸ್ಪತ್ರೆಯ ಅಧಿಕಾರಿ ಪಾಠ ನೋಡಲು ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಲಾಂಡ್ರಿಯ ಸಾಹುಕಾರರು. ವಿಷಯ ಅವರೇ ಆರಿಸಿದ್ದು: ಶುಚಿತ್ವ. ಪ್ರಶ್ನೆ ಉತ್ತರ ಎರಡನ್ನೂ ಬೀಗಪ್ಪ ಬೆಳಿಗ್ಗೆಯೇ ಹಂಚಿದ್ದ. “ಯಾವಳಾದ್ರೂ ಸ್ವಂತ ಬುದ್ಧಿ ಓಡಿಸಿದ್ರೆ ನೋಡಿ ಮತ್ತೆ!”

“ಕೈ ಯಾಕೆ ತೊಳೀಬೇಕು?” ಎಂದು ಈ ತುದಿ ಕೇಳಿತು.

“ನಾವು ತೊಳೆಯೋದು ಸಾಹುಕಾರ್ರ ಹೆಸರಿಗೆ ಕಳೆ ಬರ್ಲಿ ಅಂತ” ಎಂದು ಆ ತುದಿ ಒಪ್ಪಿಸಿತು. ಶೀಟು ಮಡಿಸಿದರು. ಅಧಿಕಾರಿ ತಲೆದೂಗಿದರು.

ಸಾಹುಕಾರರಿಗೆ ಹುರುಪೇರಿತು. “ನಮ್ಮಲ್ಲಿ ಯಾರು ಯಾರನ್ನ ಬೇಕಾದ್ರೂ ಕೇಳಬಹುದು ಸಾರ್. ಮೇಲು ಕೀಳು ಅನ್ನೋದೇ ಇಲ್ಲ. ಎಲ್ಲಾ ನನ್ನ ಹೆಣ್ಣುಮಕ್ಕಳೇ.”

“ಹಾಗಾದ್ರೆ ನೀವೂ ಒಂದು ತುದಿ ಹಿಡೀರಿ” ಎಂದರು ಅಧಿಕಾರಿ, ನಗುತ್ತಾ.

ಸಾಹುಕಾರರೂ ನಕ್ಕು ಎದ್ದರು, ಆ ತುದಿ ಹಿಡಿದರು. ಹಿಡಿಯುವ ಬಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಬೆರಳು ತಿದ್ದಿ ಕೊಟ್ಟಳು. ಈ ತುದಿ ಖಾಲಿ ಜೋತಾಡುತ್ತಿತ್ತು.

ಮೂಗಿ ಪಕ್ಕಕ್ಕೆ ನೋಡಿದಳು. ಅತ್ತಿಗೆ ಎರಡೂ ಮಂಡಿ ಒತ್ತಿಕೊಂಡು ಕೂತಿದ್ದಳು, ಹಣೆಯ ಬೆವರು ಗಲ್ಲಕ್ಕೆ ಇಳಿದಿತ್ತು. ಕರಿಹಲಗೆಯನ್ನೇ ದಿಟ್ಟಿಸುತ್ತಾ, ಓದುತ್ತಿರುವವಳ ಹಾಗೆ ತುಟಿ ಕಚ್ಚಿಕೊಂಡಿದ್ದಳು.

ಮೂಗಿ ಎದ್ದು ಹೋಗಿ ಈ ತುದಿ ಹಿಡಿದಳು.

“ಅಯ್ಯೋ, ಮೂಗಿ ಎದ್ಲು!” ಎಂದರು ಯಾರೋ. ಮೇಷ್ಟ್ರ ಮುಖ ಅರಳಿತು. ಬೀಗಪ್ಪ ಅವಳ ಬೆನ್ನ ಹಿಂದೆ ಬಂದು ಪಿಸುಗುಟ್ಟಿದ, “ಉಗುರು ಯಾಕೆ ಕತ್ತರಿಸಬೇಕು ಅಂತ ಕೇಳೇ, ಕತ್ತೆ.”

“ಕೇಳಮ್ಮ, ಹೆದರ್ಬೇಡ” ಎಂದರು ಸಾಹುಕಾರರು, ಅಧಿಕಾರಿಗೆ ಕೇಳಿಸುವಂತೆ.

ಅವಳು ಶೀಟನ್ನು ಅಭ್ಯಾಸದಂತೆ ಒಮ್ಮೆ ಕೊಡವಿದಳು. ಆ ತುದಿಯಲ್ಲಿ ಸಾಹುಕಾರರು ಒಂದು ಹೆಜ್ಜೆ ಮುಗ್ಗರಿಸಿದರು.

“ನಮ್ಮತ್ತಿಗೆ ಬೆಳಿಗ್ಗೆಯಿಂದ ಕಕ್ಕಸಿಗೆ ಹೋಗಿಲ್ಲ. ಹೊಟ್ಟೇಲಿ ಕೂಸು ಒದ್ದಾಗ ಅಯ್ಯಮ್ಮಾ ಅಂದ್ಲು ಅಂತ ಕೀ ಕೊಟ್ಟಿಲ್ಲ. ಕೀ ಕೊಡ್ತೀರಾ ಸಾರ್?”

ಆ ಕಟ್ಟಡದಲ್ಲಿ ಅಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಯಾರೂ ಆಡಿರಲಿಲ್ಲ. ಲೆಕ್ಕ ಹಾಕಿದರೆ ಹದಿನೈದು ಶೀಟಿನ ಮಾತು.

ಸಾಹುಕಾರರು ಬೀಗಪ್ಪನನ್ನು ನೋಡಿದರು. ಬೀಗಪ್ಪ ಕೊರಳ ದಾರವನ್ನು ಅಂಗಿಯೊಳಗೆ ತುರುಕಿಕೊಂಡ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಗಡಿಯಾರ ನೋಡಿಕೊಂಡರು. ಸಾಹುಕಾರರ ಬೆರಳು ಮೆಲ್ಲಗೆ ಸಡಿಲವಾಗತೊಡಗಿತು.

“ಬಿಡ್ಬೇಡಿ ಸಾಹುಕಾರ್ರೇ!” ದೊಡ್ಡಮ್ಮ ಕೂಗಿದಳು. “ಒಗೆದ ಶೀಟು, ನೆಲಕ್ಕೆ ಬಿದ್ರೆ ಇನ್ನೊಂದ್ಸಲ ಒಗೀಬೇಕು. ಶುಚಿತ್ವ!”

ಅವರು ಬೆಚ್ಚಿ ಮತ್ತೆ ಬಿಗಿಯಾಗಿ ಹಿಡಿದುಕೊಂಡರು. ಹದಿನೇಳು ಹೆಂಗಸರು ಶೀಟಿನ ಆ ತುದಿಯನ್ನೇ ನೋಡುತ್ತಿದ್ದರು. ನಿಯಮ ಎಲ್ಲರಿಗೂ ಬಾಯಿಪಾಠ. ಉತ್ತರ ಬರುವವರೆಗೂ ಮಡಿಸುವ ಹಾಗಿಲ್ಲ.

ಮೂಗಿ ಒಂದು ಹೆಜ್ಜೆ ಹಿಂದೆ ಸರಿದು ಶೀಟನ್ನು ಬಿಗಿ ಮಾಡಿದಳು.

“ಕೀ ಕೊಡಿ, ಸಾರ್.”